ಗಡಿಯಾರದ ಕೆಳಗಿನ ತೂತು

“ಏಯ್ ಹೆಬ್ಬೆಟ್ಟು! ನಿಮ್ಮಪ್ಪ ಹಕ್ಕಿ ಮೂತಿ ನೋಡ್ತಾ ಅಲ್ಲಿಂದ್ಲೇ ಉದುರಿದ. ನೀನೂ ಅಲ್ಲೇ ನಿಂತು ಬಾಗಿಲು ತಟ್ತಾ ಇದ್ದೀಯಲ್ಲೋ! ವಂಶಕ್ಕೆ ವಂಶವೇ ದಂಡಪಿಂಡ!”

ಮೇಸ್ತ್ರಿಯ ಕೂಗು ಮಾರುಕಟ್ಟೆಯ ಈ ತುದಿಯಿಂದ ಆ ತುದಿಗೆ ಕೇಳಿಸಿತು. ಗಾರೆ ಕಲಸುತ್ತಿದ್ದ ಹೆಂಗಸು, ಎಲ್ಲರಿಗೂ ಅಕ್ಕ, ಎತ್ತಿದ ಸಲಿಕೆ ಹಾಗೇ ಹಿಡಿದು ನಿಂತಳು. ಈರುಳ್ಳಿ ಮೂಟೆ ಇಳಿಸುತ್ತಿದ್ದವರು ತಲೆ ಎತ್ತಿದರು. ಗೋಪುರಕ್ಕೆ ಕಟ್ಟಿದ ಸಾರುವೆಯ ನಡುವಿನ ಅಟ್ಟದಲ್ಲಿ ಹಳೇ ಸುಣ್ಣ ಕೆರೆಯುತ್ತಿದ್ದ ಸೊಟ್ಟಮೂಗನಿಗೆ ಮಾತ್ರ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ.

“ಮೇಸ್ತ್ರಿ, ಆ ವಂಶ ನಿಮ್ದೂ ಹೌದಲ್ವಾ?”

ಕೆಳಗೆ ನಗು ಎದ್ದಿತು. ನಕ್ಕಿದ್ದು ಮೇಸ್ತ್ರಿಯನ್ನು ನೋಡಿ. ಉರಿದದ್ದು ಮಾತ್ರ ಮೇಲೆ ನಿಂತಿದ್ದವನಿಗೆ.

ಅವನನ್ನು ಎಲ್ಲರೂ ಕರೆಯುವುದು ಕಿಡಿ ಎಂದು. ಮಾತು ಬೀಳುವುದೇ ತಡ, ಹೊತ್ತಿಕೊಳ್ಳುವವನು. ಒಂದಕ್ಕೆ ಎರಡು ಅನ್ನದೆ ಯಾರನ್ನೂ ಬಿಟ್ಟವನಲ್ಲ. ಮೇಸ್ತ್ರಿ ಅವನ ಸ್ವಂತ ಚಿಕ್ಕಪ್ಪ. ಆದರೆ ಕೆಲಸದ ಜಾಗದಲ್ಲಿ ಚಿಕ್ಕಪ್ಪ ಅನ್ನುವ ಹಾಗಿಲ್ಲ. ಅಲ್ಲಿ ಮೇಸ್ತ್ರಿ, ನೀವು, ಆಗಲಿ. ಅಪ್ಪ ಇದೇ ಗಡಿಯಾರದ ಗೋಪುರದಿಂದ ಬಿದ್ದು ಸತ್ತಾಗ ಕಿಡಿ ಏಳನೆಯ ಕ್ಲಾಸಿನಲ್ಲಿದ್ದ. ಶಾಲೆಯ ಚೀಲ ಗೋಡೆಯ ಮೊಳೆಗೆ ಹೋಯಿತು, ಕೈಗೆ ಗಾರೆಯ ಕರಣೆ ಬಂತು. ಸಹಿ ಹಾಕಲು ಅವನಿಗೆ ಚೆನ್ನಾಗಿಯೇ ಬರುತ್ತದೆ. ಆದರೂ ಚಿಕ್ಕಪ್ಪನಿಗೆ ಸಿಟ್ಟು ಬಂದಾಗ ಅವನು ಹೆಬ್ಬೆಟ್ಟು. ಅಮ್ಮನನ್ನೂ ಅವನನ್ನೂ ಹಿತ್ತಿಲ ಕೋಣೆಯಲ್ಲಿ ಇಟ್ಟುಕೊಂಡು ಸಾಕಿದವನು ಚಿಕ್ಕಪ್ಪ. ಹೊಟ್ಟೆಗೆ ಹಾಕಿದವನೂ ಅವನೇ, ಹೊಟ್ಟೆ ಉರಿಸುವವನೂ ಅವನೇ.

“ಮೇಸ್ತ್ರಿ, ಒಳಗೆ ಮರಿ ಇದಾವೆ!” ಕಿಡಿ ಬಗ್ಗಿ ಕೂಗಿದ. “ಜೀವ ಇರೋ ತೂತಿಗೆ ಸಿಮೆಂಟು ಮೆತ್ತೋಕೆ ನನ್ನ ಕೈಯಲ್ಲಿ ಆಗಲ್ಲ!”

“ಕೋಳಿ ಕೇಳಿ ಮಸಾಲೆ ಅರೀತಾರೇನೋ? ಹಳೇದೂ ಸೇರಿ ಎಲ್ಲಾ ತೂತು ಮುಚ್ಚಬೇಕು ಅಂತ ಕೆಲಸ ಕೊಟ್ಟೋರು ಹೇಳಿದ್ದಾರೆ, ಮುಚ್ಚು! ಇನ್ನೊಂದ್ಸಲ ಆ ಬಡಿತದ ಸದ್ದು ಕೇಳಿಸ್ತೋ, ಮೇಲೆ ಬಂದು ಕೈ ಮುರೀತೀನಿ!”

“ಬನ್ನಿ ನೋಡೋಣ!” ಅಂದ ಕಿಡಿ.

ಚಿಕ್ಕಪ್ಪ ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಈ ಕೆಲಸ ಹಿಡಿದಾಗಿನಿಂದ ಮೇಸ್ತ್ರಿ ಗೋಪುರದ ಮೊದಲ ಅಟ್ಟ ದಾಟಿ ಮೇಲೆ ಹತ್ತಿರಲಿಲ್ಲ. ಕೇಳಿದರೆ ಮಂಡಿ ನೋವು. ಬೇರೆ ಕಟ್ಟಡಗಳಲ್ಲಿ ಮಂಗನ ಹಾಗೆ ಹತ್ತುವ ಮಂಡಿ ಇಲ್ಲಿ ಮಾತ್ರ ಹೇಗೆ ನೋಯುತ್ತದೆ ಎಂದು ಯಾರೂ ಕೇಳಿರಲಿಲ್ಲ. ಮೇಸ್ತ್ರಿಯ ಇನ್ನೆರಡು ಕಾಯಿಲೆಗಳನ್ನೂ ಯಾರೂ ವಿಚಾರಿಸಿರಲಿಲ್ಲ. ಒಂದು, ಸಾರುವೆಯ ಮೇಲಿದ್ದವರು ಕರಣೆಯ ಹಿಡಿಯಿಂದ ಗೋಡೆಗೆ ಬಡಿಯಬಾರದು. ಬಡಿದರೆ ಮೈಮೇಲೆ ಬಂದವನ ಹಾಗೆ ಆಡುತ್ತಿದ್ದ. ಇನ್ನೊಂದು, ಸಾರುವೆ ಬಿಚ್ಚುವ ಮುಂಚೆ ಮೇಲಕ್ಕೆ ಮುಖ ಮಾಡಿ ಮೂರು ಸಲ ಕೂಗುತ್ತಿದ್ದ: “ಇಳಿದ್ಯೇನೋ?” ಮೇಲಿದ್ದವರು ಬಾಯಿ ಬಿಟ್ಟು “ಇಳಿದೆ” ಅನ್ನಬೇಕು. ಎದುರಿಗೇ ಬಂದು ನಿಂತಿದ್ದರೂ ಅನ್ನಬೇಕು. ಅನ್ನುವ ತನಕ ಹಗ್ಗ ಮುಟ್ಟುತ್ತಿರಲಿಲ್ಲ. ಸೊಟ್ಟಮೂಗ ಅದಕ್ಕೂ ಒಂದು ಹಾಡು ಕಟ್ಟಿದ್ದ: “ಇಳಿದೆ ಮೇಸ್ತ್ರಿ, ಮನೆಗೂ ಹೋದೆ, ಉಂಡೆ, ಮಲಗಿದೆ, ಗೊರಕೆ ಹೊಡೀತಿದೀನಿ.”

ಅಪ್ಪ ಸತ್ತ ಕತೆ ಕಿಡಿಗೆ ಬಾಯಿಪಾಠ. ಮನೆಗೆ ಯಾರೇ ಬರಲಿ, ಮಾತು ಎಲ್ಲೆಲ್ಲಿಗೋ ಹೋಗಿ ಅಲ್ಲಿಗೇ ಬರುತ್ತಿತ್ತು. ಚಿಕ್ಕಪ್ಪ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದ: “ಗಡಿಯಾರದ ಕೆಳಗಿನ ತೂತು ಮುಚ್ಚೋಕೆ ಹೋದ. ಒಳಗಿಂದ ಗೊರವಂಕ ಬುರ್ರನೆ ಎದ್ದು ಮುಖಕ್ಕೆ ಬಡೀತು. ಬೆಚ್ಚಿ ಬಿದ್ದ. ಬಿದ್ದಿದ್ದು ಬಿದ್ದಿದ್ದೇ.” ಕೇಳಿದವರು ಚ್ಚು ಚ್ಚು ಅನ್ನುತ್ತಿದ್ದರು, ಆದರೆ ತುಟಿಯಂಚಿನಲ್ಲಿ ಒಂದು ನಗು ಇರುತ್ತಿತ್ತು. ಹಕ್ಕಿಗೆ ಹೆದರಿ ಸತ್ತ ಗಾರೆಯವನು! ಊರಿಗೆ ಅದು ಒಳ್ಳೇ ತಮಾಷೆ. ಅಮ್ಮನಿಗೆ ಅದು ಎದೆಯೊಳಗಿನ ಮುಳ್ಳು. ಅಡುಗೆಮನೆಯ ಗವಾಕ್ಷಿಗೆ ಗುಬ್ಬಿ ಬರಬಾರದೆಂದು ಅವಳು ರಟ್ಟು ಬಡಿದಿದ್ದಳು. ಹೊಗೆ ತುಂಬಿ ಕೆಮ್ಮು ಬಂದರೂ ತೆಗೆಯುತ್ತಿರಲಿಲ್ಲ. “ನಿಮ್ಮಪ್ಪನಿಗೆ ಹೆಂಡತಿ ಮಗನಿಗಿಂತ ಹಕ್ಕಿ ಹೆಚ್ಚಾಯ್ತು. ಹೋಗ್ಲಿ, ಅವುಗಳ ಹತ್ರಾನೇ ಇರ್ಲಿ” ಅನ್ನುತ್ತಿದ್ದಳು, ಸತ್ತವನು ಪಕ್ಕದ ಬೀದಿಯಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಅನ್ನುವ ಹಾಗೆ.

ಗಂಡ ಸತ್ತದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಅವನು ಪೆದ್ದನಾಗಿ ಸತ್ತದ್ದನ್ನು ನುಂಗಲು ಆಗಿರಲಿಲ್ಲ. ಕಿಡಿಗೂ ಆಗಿರಲಿಲ್ಲ. ಅಪ್ಪ ಪೆದ್ದನಾಗಿರಲಿಲ್ಲ ಎಂದು ಅವನ ಮೈಯಲ್ಲಿನ ಒಂದೊಂದು ಮೂಳೆಯೂ ಹೇಳುತ್ತಿತ್ತು. ಆದರೆ ಮೂಳೆಯ ಮಾತನ್ನು ಊರವರ ಮುಂದೆ ಹೇಗೆ ಹೇಳುವುದು?

ಅಪ್ಪನಿಗೆ ಹಕ್ಕಿ ಗೊತ್ತಿತ್ತು. ಗಾರೆಯವನಿಗೆ ಹಕ್ಕಿ ಗೊತ್ತಿರಲೇಬೇಕು ಅನ್ನುತ್ತಿದ್ದ. ಸಾರುವೆ ಕಟ್ಟುವಾಗ ಅಡ್ಡಗೋಲಿನ ಒಂದು ತುದಿಯನ್ನು ಗೋಡೆಯ ತೂತಿಗೆ ತೂರಿಸುತ್ತಾರೆ, ಇನ್ನೊಂದು ತುದಿಯನ್ನು ಹೊರಗೆ ನೆಟ್ಟ ಗೋಲಿಗೆ ಹಗ್ಗದಲ್ಲಿ ಬಿಗಿಯುತ್ತಾರೆ, ಮೇಲೆ ಹಲಗೆ ಹಾಸುತ್ತಾರೆ. ಕೆಲಸ ಮುಗಿದ ಮೇಲೆ ಮೇಲಿನಿಂದ ಒಂದೊಂದೇ ಅಟ್ಟ ಬಿಚ್ಚುತ್ತ, ಗೋಲು ಎಳೆದ ತೂತುಗಳನ್ನು ಮುಚ್ಚುತ್ತ ಕೆಳಗೆ ಬರುವುದು. ಹಳೇ ಕಟ್ಟಡವಾದರೆ ಕಟ್ಟಿದವರು ಹಾಗೇ ಬಿಟ್ಟುಹೋದ ತೂತುಗಳೂ ಇರುತ್ತವೆ. ತೂತು ಕಂಡರೆ ಹಕ್ಕಿ ಬಿಡುತ್ತದೆಯೇ? ಗೋಲು ಎಳೆದ ಮರುದಿನವೇ ಹುಲ್ಲು ತುಂಬಿಕೊಂಡು ಬಾಡಿಗೆ ಕೊಡದ ಸಂಸಾರ.

“ಗೋಡೆಗೂ ಮಹಡಿ ಇರ್ತವೆ ಮಗಾ. ಯಾರು ಯಾವ ಮಹಡೀಲಿ ಅಂತ ತಿಳ್ಕೊಂಡು ಬಾಗಿಲು ತಟ್ಟಬೇಕು” ಅನ್ನುತ್ತಿದ್ದ ಅಪ್ಪ. ರಜೆಯ ದಿನ ಕೆಲಸದ ಕಡೆಗೆ ಕರೆದುಕೊಂಡು ಹೋಗಿ ಕೆಳಗಿನಿಂದ ಬೆರಳು ಮಾಡಿ ತೋರಿಸುತ್ತಿದ್ದ. “ಗುಬ್ಬಿ ಕೆಳಮನೆಯವರು. ಮನುಷ್ಯರ ಗಲಾಟೆ ಕಿವಿಗೆ ಬೀಳದಿದ್ರೆ ಅವಕ್ಕೆ ಅನ್ನ ಸೇರಲ್ಲ. ಅದರ ಮೇಲೆ ಗೊರವಂಕ, ಜಗಳಗಂಟಿ. ತಟ್ಟಿದ್ರೆ ಬೈಕೊಂಡೇ ಆಚೆ ಬರ್ತದೆ. ಗಿಳಿ ಹಾಗಲ್ಲ, ಮೊದಲು ಇಣುಕಿ ನೋಡ್ತದೆ, ಬಂದೋನು ನೆಂಟನೋ ತಂಟೆನೋ ಅಂತ. ಪಾರಿವಾಳಕ್ಕೆ ತೂತೂ ಬೇಡ. ಅಂಚು ಸಿಕ್ರೆ ನಾಲ್ಕು ಕಡ್ಡಿ ಎಸೆದು ಇದೇ ಅರಮನೆ ಅಂತದೆ. ಬಾನಾಡಿ ಅಂತ ಒಂದು ಜಾತಿ ಇದೆಯಲ್ಲ, ಅದು ಎಲ್ಲಕ್ಕಿಂತ ಮೇಲೆ, ಸೂರಿನ ಕೆಳಗೆ. ತಂತಿ ಮೇಲೆ ಸಾಲಾಗಿ ಕೂರ್ತದಲ್ಲ, ಅದು ಕವಲುತೋಕೆ, ಬೇರೆ ಜಾತಿ. ಬಾನಾಡಿಗೆ ಕೂರೋ ಕಾಲೇ ಇಲ್ಲ. ಹಾರ್ತಾ ಇರಬೇಕು, ಇಲ್ಲಾ ಗೋಡೆಗೆ ಅಂಟ್ಕೊಂಡಿರಬೇಕು. ನೆಲಕ್ಕೆ ಬಿದ್ರೆ ಏಳೋದು ಕಷ್ಟ. ತಟ್ಟಿದ್ರೂ ಆಚೆ ಬರಲ್ಲ, ಇನ್ನೂ ಒಳಗೆ ಒತ್ಕೊಳ್ತದೆ. ಅದಕ್ಕೇ ಅಲ್ಲಿ ತಟ್ಟಿ ಆಮೇಲೆ ಕಿವಿ ಇಟ್ಟು ಕೇಳ್ಬೇಕು.”

ಕರಣೆಯ ಹಿಡಿಯಿಂದ ತೂತಿನ ಅಂಚಿಗೆ ಎರಡು ಬಡಿತ. ಜೀವ ಇಲ್ಲ ಎಂದಾದರೆ ಇಟ್ಟಿಗೆ ಚೂರು, ಗಾರೆ, ಕೊನೆಗೆ ಹಸಿ ಗಾರೆಯ ಮೇಲೆ ಹೆಬ್ಬೆರಳಿನ ಒಂದು ಒತ್ತು. ಜೀವ ಇದ್ದರೆ ಒಂದು ಕಡ್ಡಿ ಸಿಕ್ಕಿಸಿ ಮುಂದಕ್ಕೆ. ಮರಿ ಹಾರಿದ ಮೇಲೆ ಏಣಿ ಹಾಕಿಕೊಂಡು ಬಂದು ಮುಚ್ಚುವುದು. ಹೆಬ್ಬೆಟ್ಟು ಯಾಕಪ್ಪಾ ಎಂದರೆ, “ಓದಿದೋರು ಸಹಿ ಹಾಕ್ತಾರೆ, ನಾನು ಇದನ್ನ ಹಾಕ್ತೀನಿ. ಒಳಗೆ ಯಾರೂ ಇಲ್ಲ ಅಂತ ನನ್ನ ಜವಾಬ್ದಾರಿ” ಅನ್ನುತ್ತಿದ್ದ.

ಇಂಥವನು ಗೊರವಂಕಕ್ಕೆ ಬೆಚ್ಚಿ ಬಿದ್ದನೇ?

ಕಿಡಿ ಕುದಿಯುತ್ತಲೇ ಕೆಲಸಕ್ಕೆ ತಿರುಗಿದ. ಅವನು ತಟ್ಟಿದ್ದು ಗಡಿಯಾರದ ಬಲಕ್ಕೆ, ಕಲ್ಲಿನ ಸೂರಿನ ಕೆಳಗಿದ್ದ ಹಳೇ ತೂತಿಗೆ. ಕಿವಿ ಇಟ್ಟಾಗ ಒಳಗೆ ಚಿರ್ರೆಂದು ಸಣ್ಣ ಸದ್ದು. ತಲೆಯ ಮೇಲೆ ಬಾನಾಡಿಗಳು ಕುಡುಗೋಲು ಬೀಸಿದ ಹಾಗೆ ಸುಯ್ಯನೆ ಹಾದುಹೋಗುತ್ತಿದ್ದವು. ಅವನು ಒಂದು ಕಡ್ಡಿ ಸಿಕ್ಕಿಸಿದ. ಬೈದರೆ ಬೈಯಲಿ. ಗೊರವಂಕ ಬಂದದ್ದು ಗಡಿಯಾರದ ನೇರ ಕೆಳಗಿನ ತೂತಿನಿಂದ ಅಲ್ಲವೇ, ಅದಾದರೂ ಎಲ್ಲಿದೆ ನೋಡೋಣ ಎಂದು ಕೆರೆಯುವ ತಗಡು ಎತ್ತಿಕೊಂಡ. ತೂತು ಇರಲಿಲ್ಲ. ಪದರ ಪದರ ಸುಣ್ಣ ಇತ್ತು. ಕೆರೆದ. ಸುಣ್ಣ ಹೆಕ್ಕಳಿಕೆಯಾಗಿ ಎದ್ದು ಉದುರಿತು. ಕೆಳಗೆ ಬೂದು ಗಾರೆಯ ದುಂಡು ತೇಪೆ. ತೇಪೆಯ ನಡುವೆ ಒಂದು ಗುಳಿ.

ಅವನು ತಗಡು ಕೆಳಗಿಟ್ಟ. ಗುಳಿಯೊಳಗಿನ ಪುಡಿಯನ್ನು ಬಾಯಿಂದ ಊದಿದ. ಹೆಬ್ಬೆರಳಿನ ಗುರುತು. ಅದರ ನಡುವೆ ಅಡ್ಡಕ್ಕೆ ಒಂದು ಗೆರೆ, ತುಸು ವಾರೆ.

ಆ ಗೆರೆ ಅವನಿಗೆ ಗೊತ್ತಿತ್ತು. ಅಪ್ಪನ ಹೆಬ್ಬೆರಳನ್ನು ಯಾವುದೋ ಕಾಲದಲ್ಲಿ ಇಟ್ಟಿಗೆ ಸೀಳಿತ್ತು. ಶಾಲೆಗೆ ಹೋಗುವಾಗ ಕಿಡಿಯ ಮುಷ್ಟಿಗೆ ಸಿಗುತ್ತಿದ್ದದ್ದು ಅದೊಂದೇ ಬೆರಳು. ಆ ಗೆರೆ ಅವನ ಅಂಗೈಗೆ ಒತ್ತುತ್ತಿತ್ತು. ಅವನು ತನ್ನ ಹೆಬ್ಬೆರಳನ್ನು ಗುಳಿಯಲ್ಲಿ ಇಟ್ಟ. ಸರಿಯಾಗಿ ಕೂತಿತು.

ಅಪ್ಪ ಈ ತೂತನ್ನು ತಟ್ಟಿದ್ದ, ಮುಚ್ಚಿದ್ದ, ಒಳಗೆ ಯಾರೂ ಇಲ್ಲ ಎಂದು ಒತ್ತು ಹಾಕಿದ್ದ. ಮುಚ್ಚಿದ ತೂತಿನಿಂದ ಗೊರವಂಕ ಹೇಗೆ ಬರುತ್ತದೆ? ಪಕ್ಕದಲ್ಲಿ ಬೇರೆ ತೂತೆಂದರೆ ಬಾನಾಡಿಯದು ಒಂದೇ. ಬಾನಾಡಿ ಮುಖಕ್ಕೆ ಬಡಿಯುವ ಹಕ್ಕಿಯೇ ಅಲ್ಲ.

ಹಾಗಾದರೆ ಅಪ್ಪ ಬಿದ್ದದ್ದು ಹೇಗೆ?

ಗಡಿಯಾರದ ಪಕ್ಕದ ಕಿಟಕಿಯಿಂದ ಒಳಕ್ಕೆ ನುಗ್ಗಿ, ಗೋಪುರದ ಒಳಮೆಟ್ಟಿಲಲ್ಲಿ ಅವನು ಇಳಿದ. ಕತ್ತಲಿತ್ತು, ಪಾರಿವಾಳದ ಹಿಕ್ಕೆಯ ನಾತ. ಎಲ್ಲಿ ಕಾಲಿಟ್ಟನೋ ಅವನಿಗೇ ತಿಳಿಯದು. ಕೆಳಗೆ ಮರಳ ಗುಡ್ಡೆಯ ಹತ್ತಿರ ಚಹಾ ಬಂದಿತ್ತು. ಎಲ್ಲರೂ ಲೋಟ ಹಿಡಿದು ನಿಂತಿದ್ದರು. ಮೇಸ್ತ್ರಿ ಬೆನ್ನು ಮಾಡಿ ಹಗ್ಗ ಸುತ್ತುತ್ತಿದ್ದ.

“ಬಂದ ನೋಡಿ ಹಕ್ಕಿಗಳ ಮೇಸ್ತ್ರಿ” ಅಂದ ಸೊಟ್ಟಮೂಗ. “ಮರಿಗಳು ಏನಂದ್ವು ಕಿಡಿ? ಚಹಾ ಕಳಿಸಬೇಕಂತಾ?”

ಕಿಡಿ ಅವನ ಕಡೆ ನೋಡಲಿಲ್ಲ.

“ಚಿಕ್ಕಪ್ಪ” ಅಂದ.

ಹಗ್ಗ ಸುತ್ತುತ್ತಿದ್ದ ಕೈ ನಿಂತಿತು. “ಇಲ್ಲಿ ಯಾವನೋ ನಿನ್ನ ಚಿಕ್ಕಪ್ಪ?”

“ಗಡಿಯಾರದ ಕೆಳಗಿನ ತೂತು ಮುಚ್ಚಿದೆ.”

“ಮುಚ್ಚಿದ್ರೆ ಮುಚ್ಚಿರ್ಲಿ. ಆಮೇಲೆ ನಾನೇ ಮುಚ್ಚಿದ್ದೆ.”

“ಹೆಬ್ಬೆಟ್ಟು ಒತ್ತಿದೆ ಅದರ ಮೇಲೆ.”

“ನಾನೇ ಒತ್ತಿದ್ದೆ ಕಣೋ! ಏನೀಗ?”

“ಹೌದಾ? ಎಲ್ಲಿ, ನಿನ್ನ ಹೆಬ್ಬೆರಳು ತೋರ್ಸು. ಅಡ್ಡಗೆರೆ ಎಲ್ಲಿದೆ ತೋರ್ಸು.”

ಮೇಸ್ತ್ರಿ ತಿರುಗಿದ. ಮುಖದಲ್ಲಿದ್ದ ಸಿಟ್ಟು ಅಲ್ಲೇ ಇತ್ತು, ಆದರೆ ಅದರ ಹಿಂದೆ ಇದ್ದವನು ಎಲ್ಲೋ ಹೋಗಿಬಿಟ್ಟಿದ್ದ. ಗಾರೆ ಕಲಸುವ ಅಕ್ಕ ಲೋಟ ಕೆಳಗಿಟ್ಟಳು. ಅವಳು ಅಪ್ಪನ ಕಾಲದಿಂದಲೂ ಈ ಗುಂಪಿನಲ್ಲಿದ್ದವಳು.

ಕಿಡಿಗೆ ಹೊತ್ತಿಕೊಂಡಿತ್ತು. “ಅಪ್ಪ ನನಗೆ ಎಲ್ಲಾ ಹಕ್ಕಿನೂ ಹೇಳಿಕೊಟ್ಟಿದ್ದ. ಗುಬ್ಬಿ ಎಲ್ಲಿ, ಗಿಳಿ ಎಲ್ಲಿ, ಬಾನಾಡಿ ಎಲ್ಲಿ. ಎರಡು ಹಕ್ಕಿ ಹೇಳಿಕೊಡೋದು ಮರೆತಿದ್ದ. ಇವತ್ತು ಮೇಲೆ ಹತ್ತಿದ್ಮೇಲೆ ಅವೂ ಸಿಕ್ಕಿದ್ವು. ನಮ್ಮನೆಗೆ ಇಷ್ಟು ವರ್ಷ ನೀನು ಹಾರಿಸಿದ್ದು ಗೊರವಂಕ ಅಲ್ಲ, ಕಾಗೆ. ಇನ್ನೊಂದು ಗೂಬೆ. ಅದು ಇದ್ದಿದ್ದು ತೂತಲ್ಲಲ್ಲ, ಸತ್ತ ನಮ್ಮಪ್ಪನ ತಲೆ ಮೇಲೆ. ನೀನೇ ಕೂರಿಸಿದ್ದು!”

ಸೊಟ್ಟಮೂಗ ಏನೋ ಅನ್ನಲು ಬಾಯಿ ತೆರೆದ. ಅಕ್ಕ ಅವನ ತೋಳು ಹಿಡಿದು ಜಗ್ಗಿದಳು.

ಮೇಸ್ತ್ರಿ ಮರಳ ಗುಡ್ಡೆಯ ಮೇಲೆ ಕೂತ. ಕೂತದ್ದಲ್ಲ, ಕುಸಿದದ್ದು. ಹಗ್ಗದ ತುದಿಯ ಎಳೆ ಬಿಡಿಸತೊಡಗಿದ. ಆಮೇಲೆ ಹಗ್ಗಕ್ಕೇ ಹೇಳುವವನ ಹಾಗೆ ಶುರು ಮಾಡಿದ.

“ಆಗ ನಮ್ಮಲ್ಲಿ ಕೂಗೋ ರೂಢಿ ಇರ್ಲಿಲ್ಲ. ಮಾರ್ಕೆಟ್ ಗದ್ದಲದಲ್ಲಿ ಕೂಗಿದ್ರೆ ಯಾರಿಗೆ ಕೇಳ್ತದೆ? ಅಣ್ಣ ಮೇಲಿನ ಅಟ್ಟದಲ್ಲಿ, ನಾನು ಕೆಳಗಿನ ಅಟ್ಟದಲ್ಲಿ. ನಡುವೆ ಹಲಗೆ, ಅವನು ನನಗೆ ಕಾಣ್ತಿರ್ಲಿಲ್ಲ. ತೂತು ಮುಚ್ಚಿ, ಕಿಟಕಿ ಒಳಗೆ ಹೋದ್ಮೇಲೆ ಕರಣೆ ಹಿಡಿಯಿಂದ ಎರಡು ಬಡೀತಿದ್ದ. ಬಡಿದ ಅಂದ್ರೆ, ನಾನು ಒಳಗಿದ್ದೀನಿ, ನೀನು ಮೇಲಿನ ಅಟ್ಟದ ಕಟ್ಟು ಬಿಚ್ಚು ಅಂತ.”

“ಎರಡು ಬಡಿತ” ಅಂದ ಕಿಡಿ.

“ಹಕ್ಕಿಗೂ ಎರಡು, ನನಗೂ ಎರಡು. ಅದರಲ್ಲಿ ಯಾವತ್ತೂ ತಪ್ಪಾಗಿರ್ಲಿಲ್ಲ. ಮೊದಲು ಬಡಿದ್ರೆ ಹಕ್ಕಿಗೆ, ಆಮೇಲೆ ಬಡಿದ್ರೆ ನನಗೆ. ಆ ಕಡೆ ಇದ್ದಿದ್ದು ನಮ್ಮ ಗೋಲಿನ ತೂತು ಒಂದೇ, ಗಡಿಯಾರದ ಕೆಳಗಿಂದು. ಅವನು ಬಡಿದ. ಹಕ್ಕಿಗೆ, ಗೊತ್ತು. ಕರಣೆ ಆಡೋ ಸದ್ದು ಕೇಳಿಸ್ತು. ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ಬಡಿದ. ಇದು ನನಗೆ ಅಂದ್ಕೊಂಡೆ.” ಮೇಸ್ತ್ರಿ ತಲೆ ಎತ್ತಿದ. “ಪಕ್ಕದ ಹಳೇ ತೂತು ನಮ್ದಲ್ಲ ಕಣೋ. ನಮಗೆ ಸಂಬಂಧವೇ ಇಲ್ಲ. ಅದಕ್ಕೂ ಬಡೀತಾನೆ ಅಂತ ನನಗೇನು ಗೊತ್ತು? ಅದೂ ಹಕ್ಕಿಗೇ ಆಗಿತ್ತು. ನಾನು ಬಿಚ್ಚಿಬಿಟ್ಟೆ.”

ಕಿಡಿಗೆ ಅಪ್ಪ ಕಂಡ. ಹಲಗೆಯ ತುದಿಯಲ್ಲಿ ನಿಂತು, ಗೋಡೆಗೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ, ಒಳಗೆ ಜೀವ ಇದೆಯೇ ಎಂದು ಕೇಳುತ್ತಿರುವ ಅಪ್ಪ. ಅವನಿಗೆ ಏನು ಕೇಳಿಸಿತು? ಚಿರ್ರೆಂದಿತೇ? ಕಡ್ಡಿ ಹುಡುಕಲು ಕೈ ಜೇಬಿಗೆ ಹೋಗಿತ್ತೇ?

“ಪೊಲೀಸರು ಬಂದು ಹೇಗಾಯ್ತು ಅಂದ್ರು. ಕೈಯಲ್ಲಿ ಹಗ್ಗ ಇತ್ತು ನನಗೆ. ಬಾಯಿಗೆ ಗೊರವಂಕ ಬಂತು. ಮನೆಗೆ ಹೋದಾಗ ನಿಜ ಹೇಳೋಣ ಅಂತಾನೇ ಹೋದೆ. ಅತ್ತಿಗೆ ಬಾಗಿಲಲ್ಲೇ ನಿಂತಿದ್ಲು. ಅಷ್ಟರಲ್ಲಿ ಯಾರೋ ಅವಳಿಗೆ ಹಕ್ಕಿ ಕತೆ ಮುಟ್ಟಿಸಿದ್ರು. ಹೂಂ ಅಂದ್ಬಿಟ್ಟೆ. ಒಂದ್ಸಲ ಅಂದ್ಮೇಲೆ ಅದು ಗೂಡು ಕಟ್ತು, ಮರಿ ಹಾಕ್ತು. ಎಲ್ಲಿಂದ ಮುಚ್ಚೋದು?”

“ನೀನೂ ನಗೋರ ಜೊತೆ ಸೇರಿ ಅಪ್ಪನ್ನ ಆಡ್ಕೊಂಡೆಯಲ್ಲ” ಅಂದ ಕಿಡಿ. ಅವನ ದನಿ ಅವನಿಗೇ ಗುರುತು ಸಿಗದಷ್ಟು ಸಣ್ಣಗಿತ್ತು. “ಬೆಳಿಗ್ಗೆ ಕೂಡ. ಇವರೆಲ್ಲರ ಮುಂದೆ.”

“ಬಡಿತ ಕೇಳಿಸ್ತು ಕಣೋ. ಅದೇ ಜಾಗದಿಂದ ಅದೇ ಬಡಿತ. ನನ್ನ ಕೈ ತಾನಾಗೇ ಹಗ್ಗಕ್ಕೆ ಹೋಯ್ತು. ಎಷ್ಟು ಹೆದರಿದೆ ಅಂದ್ರೆ...” ಅವನು ಅಂಗೈಯಿಂದ ಮುಖ ಒರೆಸಿದ. ಮುಖದ ತುಂಬ ಮರಳು ಮೆತ್ತಿಕೊಂಡಿತು.

ಗಾರೆ ಕಲಸುವ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. “ಅಯ್ಯೋ, ಇಷ್ಟು ದಿನ ಆ ಹೆಂಗಸು ಸತ್ತೋನನ್ನ ಬೈಕೊಂಡೇ ಬದುಕಿದ್ಲಲ್ಲಪ್ಪಾ” ಅಂದಳು, ಯಾರಿಗೂ ಅಲ್ಲ ಎನ್ನುವಂತೆ.

ಕಿಡಿಯ ಕೈ ಹೊಡೆಯಲು ತುರಿಸುತ್ತಿತ್ತು. ಆದರೆ ಹೊಡೆಯುವುದು ಯಾರನ್ನು? ಹಕ್ಕಿಗೆ ಬೆಚ್ಚಿ ಬಿದ್ದ ಪೆದ್ದ ಹೋದ. ಅವನ ಜಾಗದಲ್ಲಿ, ತನ್ನದಲ್ಲದ ತೂತಿಗೂ ತಟ್ಟಿ ಕೇಳಿದ ಒಬ್ಬ ಮನುಷ್ಯ ಬಂದು ನಿಂತ. ಅದಕ್ಕೆ ಅವನು ಇಷ್ಟು ವರ್ಷ ಕಾದಿದ್ದ. ಈಗ ಆ ಮನುಷ್ಯನನ್ನು ಅಮ್ಮನ ಹತ್ತಿರ ಕರೆದುಕೊಂಡು ಹೋಗಬೇಕೆಂದರೆ, ಅವಳು ಉಣ್ಣುತ್ತಿರುವ ತಟ್ಟೆಯನ್ನು ಕೊಟ್ಟ ಕೈಯೇ ಹಗ್ಗ ಬಿಚ್ಚಿದ ಕೈ ಎಂದೂ ಹೇಳಬೇಕು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವ ಹಾಗಿಲ್ಲ. ಹೇಳದೇ ಇದ್ದರೆ ಆ ಗವಾಕ್ಷಿಯ ರಟ್ಟು ಅಲ್ಲೇ ಇರುತ್ತದೆ.

ಅವನು ಕರಣೆಯನ್ನು ನೀರಿನ ಡ್ರಮ್ಮಿನಲ್ಲಿ ಅದ್ದಿದ, ಪ್ಯಾಂಟಿಗೆ ಒರೆಸಿದ, ಸೊಂಟಕ್ಕೆ ಸಿಕ್ಕಿಸಿಕೊಂಡ.

“ಎಲ್ಲಿಗೋ?” ಮೇಸ್ತ್ರಿ ಎದ್ದು ನಿಂತ. “ಮನೆಗಾ?”

ಕಿಡಿ ಮೂಟೆಗಳ ನಡುವಿನ ದಾರಿಗೆ ಇಳಿದ.

“ಅತ್ತಿಗೆಗೆ ಹೇಳ್ತೀಯೇನೋ?”

ಕೆಲಸದವರೆಲ್ಲ ಅವನ ಬೆನ್ನನ್ನೇ ನೋಡುತ್ತಿದ್ದರು. ಒಂದಕ್ಕೆ ಎರಡು ಅನ್ನುವವನು, ಈಗ ತಿರುಗುತ್ತಾನೆ, ಈಗ ಏನೋ ಅನ್ನುತ್ತಾನೆ ಎಂದು ಕಾಯುತ್ತಿದ್ದರು. ಮೇಲೆ ಬಾನಾಡಿಗಳು ಗೋಪುರವನ್ನು ಸುತ್ತುತ್ತಿದ್ದವು, ಕೂರದೆ.

“ಹೇಳ್ತೀಯೇನೋ?”

ಮೂರನೆಯ ಸಲವೂ ಕೂಗಿದ. ಮೂರು ಸಲ ಕೂಗಿ, ಉತ್ತರ ಬರುವ ತನಕ ಹಗ್ಗ ಮುಟ್ಟದೆ ನಿಲ್ಲುವುದು ಅವನಿಗೆ ರೂಢಿಯಾಗಿ ಹೋಗಿತ್ತು. ಕಿಡಿ ಈರುಳ್ಳಿ ಮೂಟೆಗಳನ್ನು ದಾಟಿ, ಮಾರುಕಟ್ಟೆಯ ಕಮಾನು ದಾಟಿ, ಹಿಂದೆ ತಿರುಗದೆ ಮನೆಯ ಕಡೆ ನಡೆದ.